ನಿಂತೇ ಇದ್ದ ಶೇಖವ್ವ

ಯುಗಾದಿ ಕಳೆದ ಮೇಲೆ ನನ್ನ ಹೆಂಡತಿ ವೀರವ್ವ ನನ್ನನ್ನು ಒಮ್ಮೆಯೂ ಬೈದಿಲ್ಲ. ಇದನ್ನು ಸುಖವೆಂದು ತಿಳಿದವರು ನಮ್ಮ ಮನೆಗೆ ಬಂದು ಒಂದು ವಾರ ಇದ್ದು ನೋಡಬೇಕು. ಅವಳ ಅಕ್ಕ ಶೇಖವ್ವ ಹಿಂದಿನ ಓಣಿಯಲ್ಲೇ ಇದ್ದಳು. ದಿನಾ ಸಂಜೆ ಅವಳ ಮನೆಯ ಕಟ್ಟೆಯ ಮೇಲೆ ನನ್ನ ವಿಚಾರಣೆ ನಡೆಯುತ್ತಿತ್ತು. ವೀರವ್ವ ಆರೋಪ ಹೊರಿಸುವಳು, ಶೇಖವ್ವ "ಹೌದವಾ" ಎಂದು ತಲೆಯಾಡಿಸುವಳು. (ಆರೋಪಿಗೆ ಹಾಜರಾಗುವ ಹಕ್ಕಿರಲಿಲ್ಲ.) ಹಬ್ಬದ ಮರುದಿನ ನ್ಯಾಯಾಧೀಶೆಯೇ ತೀರಿಕೊಂಡಳು. ಈಗ ಸಾರು ಉಪ್ಪಾಗಿದೆಯೆಂದು ನಾನೇ ಕೆಣಕಿದರೂ ವೀರವ್ವ ಸುಮ್ಮನೆ ಗಂಗಾಳ ಎತ್ತಿಕೊಂಡು ಹೋಗುತ್ತಾಳೆ.

ಆಗ ನನಗೊಂದು ದಿವ್ಯವಾದ ಯೋಚನೆ ಹೊಳೆಯಿತು. ಗಜೇಂದ್ರಗಡದ ಬಸ್ ನಿಲ್ದಾಣದ ಎದುರು ಕಂಪ್ಯೂಟರ್ ಕಲಿಸುವ ಸಾಜೀದ ನನ್ನ ಹಳೆಯ ವಿದ್ಯಾರ್ಥಿ. ಅವನು ಪರದೆಯ ಮೇಲೆ ಗೊಂಬೆಗಳನ್ನು ಮಾಡುತ್ತಿದ್ದ. ಸಿನಿಮಾದಂತೆ ಮೊದಲೇ ತೆಗೆದಿಟ್ಟವಲ್ಲ. ನಾವು ಗುಂಡಿ ಒತ್ತಿದ ಕ್ಷಣಕ್ಕೇ ಅವು ಅಲ್ಲೇ ತಿರುಗಿ ನೋಡುತ್ತವೆ, ಕೈ ಎತ್ತುತ್ತವೆ. ಅವನಿಗೆ ಶೇಖವ್ವನ ಫೋಟೊ ಕೊಟ್ಟೆ.

ಒಂದು ದಿನ ಅವನು ಕಂಪ್ಯೂಟರನ್ನೇ ಮನೆಗೆ ಹೊತ್ತು ತಂದ. ಹಣೆಯ ವಿಭೂತಿ, ನಮ್ಮೂರ ಮಗ್ಗದ ಸೀರೆ, ಹಿಂದೆ ಅದೇ ಕಟ್ಟೆ. ಯಾರೂ ಗುಂಡಿ ಮುಟ್ಟದಿದ್ದಾಗ ಶೇಖವ್ವ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತಿರುತ್ತಿದ್ದಳು. ವೀರವ್ವ ಬಹಳ ಹೊತ್ತು ನೋಡಿದಳು.

"ಅಕ್ಕನ್ನ ಯಾಕ ನಿಂದರಿಸೀರಿ?"

"ಗೊಂಬಿ ಅದು. ನಿಂತರ ಏನಾತು?"

"ಏನಾತು? ನಮ್ಮ ಪದ್ಧತಿ ಪ್ರಕಾರ ಕುಂಡ್ರಿಸಿ ಮಣ್ಣು ಕೊಟ್ಟೇವ್ರಿ ಆಕಿಗೆ! ಆರಾಮ ಕುಂತಾಕಿನ್ನ ಮತ್ತ ಎಬ್ಬಿಸಿ ನಿಂದರಿಸೀರಲ್ಲ, ಪಾಠ ಬರಲಿಲ್ಲಂತ ಶಿಕ್ಷಾ ಕೊಟ್ಟಾಂಗ! ಮಾಸ್ತರಕಿ ಬಿಟ್ರೂ ಬುದ್ಧಿ ಬಿಡಲಿಲ್ಲ!"

(ಬೈದಳು! ನನ್ನ ಕಣ್ಣು ತುಂಬಿ ಬಂತು.)

"ಸಾಜೀದ, ಲಗೂ ಕುಂಡ್ರಸಪಾ. ಕಾಲು ನೋಯತಾವ ಆಕಿಗೆ."

"ಇದಕ್ಕ ಕುಂಡ್ರಾಕ ಬರಂಗಿಲ್ರಿ, ಅವ್ವಾರ. ಯಾರರ ಕುಂತು ತೋರಿಸಿದ್ರ ಹಂಗಾ ಕಲಸ್ತೇನ್ರಿ."

ಇಬ್ಬರೂ ನನ್ನ ಕಡೆ ತಿರುಗಿದರು.

ಅಂದು ಅವನ ಕ್ಯಾಮೆರಾದ ಮುಂದೆ ಎಡಗೈಯನ್ನು ಎಡಮೊಣಕಾಲಿಗೆ ಊರಿ ಕೂತೆ, ಎದ್ದೆ, ಮತ್ತೆ ಕೂತೆ. "ಸರ, ಇನ್ನೊಮ್ಮಿ," ಎನ್ನುತ್ತಿದ್ದ ಸಾಜೀದ. (ಶಾಲೆಯಲ್ಲಿ ನಾನು ಅವನಿಂದ ಬಸ್ಕಿ ಹೊಡೆಸಿದ್ದು ಇಬ್ಬರಿಗೂ ನೆನಪಿತ್ತು.) ಹೌದೆಂದು ತಲೆಯಾಡಿಸಿಯೂ ತೋರಿಸಿದೆ.

ಸಾಜೀದ ನಮ್ಮ ಮನೆಯಲ್ಲೇ ಬಿಟ್ಟುಹೋದ ಕಂಪ್ಯೂಟರಿನಲ್ಲಿ ಈಗ ಶೇಖವ್ವ ಎಡಮೊಣಕಾಲು ಹಿಡಿದು, ಥೇಟು ನನ್ನಂತೆ ಕೂರುತ್ತಾಳೆ. ಸಂಜೆ ವೀರವ್ವ ಎದುರು ಕೂತು ವಿಚಾರಣೆ ಆರಂಭಿಸುತ್ತಾಳೆ.

"ಚಾಳೀಸ ಹಣಿಮ್ಯಾಲೆ ಇಟಗೊಂಡು ಮನಿತುಂಬ ಹುಡುಕತಾರ. ಹೌದಿಲ್ಲಕ್ಕಾ?" ಗುಂಡಿ ಒತ್ತುತ್ತಾಳೆ. ಅಕ್ಕ ತಲೆಯಾಡಿಸುತ್ತಾಳೆ. ನನ್ನ ಮೇಲಿನ ಆರೋಪಗಳನ್ನೆಲ್ಲ ನನ್ನ ತಲೆಯೇ ಒಪ್ಪಿಕೊಳ್ಳುತ್ತಿದೆ. ಬಾಗಿಲ ಮರೆಯಲ್ಲಿ ನಿಂತು ಕೇಳುವುದೇ ನನಗೊಂದು ಸುಖವಾಯಿತು.

ನಿನ್ನೆ ಅವಳ ದನಿ ತಗ್ಗಿತ್ತು.

"ಅಕ್ಕಾ, ನಿನ್ನನ್ನ ಕುಂಡ್ರಿಸಿ ಕಳಿಸಿದ್ದ ಸಾಕಾಗೈತಿ. ಇವರನ್ನೂ ಹಂಗ ಕಳಸೂದು ನನ್ನ ಕಡೆ ಆಗಂಗಿಲ್ಲ. ಮೊದಲ ನಾನಾ ಬರ್ತೇನಿ. ಹೌದಿಲ್ಲ?"

ಗುಂಡಿ ಒತ್ತಿದಳು. ಶೇಖವ್ವ ಮೊಣಕಾಲು ಹಿಡಿದುಕೊಂಡು ಹೌದೆಂದಳು.

ಬಾಗಿಲ ಮರೆಯಲ್ಲಿ ನಾನು ಅಲ್ಲ, ಅಲ್ಲ ಎಂದು ತಲೆ ಅಲ್ಲಾಡಿಸುತ್ತಲೇ ಇದ್ದೆ. ಸಾಜೀದನಿಗೆ ಅದೊಂದನ್ನು ನಾನು ತೋರಿಸಿರಲಿಲ್ಲ.