ವಿಷ ಹೀರುವ ಪುಡಿ

ಕಾರ್ಖಾನೆಗಳ ಕೊಳಕು ನೀರಿನಿಂದ ಸೀಸ, ಕ್ರೋಮಿಯಂನಂಥ ವಿಷಲೋಹ ಹೀರಿಕೊಳ್ಳುವ ಕಪ್ಪು ಪುಡಿ ಮಾರುವುದು ನನ್ನ ಕೆಲಸ. ಗಾಜಿಯಾಬಾದಿನಲ್ಲಿ ಈ ಕೆಲಸ ಹಿಡಿದವನಿಗೆ ನಗು ತಾನಾಗಿ ಒದಗಿ ಬರುತ್ತಿರುತ್ತದೆ. ಅಳುವುದಕ್ಕೇ ಪುರಸೊತ್ತು ಸಾಲದು.

ಮಡಿ

ಪಾತ್ರೆಗಳಿಗೆ ನಿಕಲ್ ಲೇಪಿಸುವ ಕಾರ್ಖಾನೆಯ ಮಾಲೀಕರೊಬ್ಬರು ಈ ಪುಡಿ ತುಂಬಿದ ನಮ್ಮ ಫಿಲ್ಟರ್ ಹಾಕಿಸಿಕೊಂಡರು. ತಿಂಗಳುಗಟ್ಟಲೆ ಕಳೆದರೂ ಹೊಸ ಪುಡಿ ಬೇಕೆಂದು ಕರೆ ಬರಲಿಲ್ಲ. ನಾನೇ ಹೋಗಿ ನೋಡಿದೆ. ಫಿಲ್ಟರಿಗೆ ಕುಂಕುಮ, ಚೆಂಡುಹೂವಿನ ಹಾರ, ಮುಂದೆ ಊದುಬತ್ತಿ. ಕೊಳಕು ನೀರಿನ ಪೈಪು ಮಾತ್ರ ಅದರ ಪಕ್ಕದಲ್ಲೇ ಹಾದು ಸೀದಾ ನಾಲೆಗೆ ಇಳಿದಿತ್ತು.

"ಇದರೊಳಗೆ ನೀರೇ ಬಿಟ್ಟಿಲ್ಲವಲ್ಲ!"

ಮಾಲೀಕರು ಕಿವಿ ಮುಟ್ಟಿಕೊಂಡರು. "ಅಂಥ ಗಲೀಜು ನೀರನ್ನಾ? ದುಬಾರಿ ಮೆಷಿನ್ನು ಸಾಬ್, ಕೆಟ್ಟುಹೋಗುತ್ತೆ."

ಬದಲಿ

ಇನ್ನೊಂದು ಕಡೆ ಕ್ರೋಮಿಯಂ ತೊಟ್ಟಿಯ ಪಕ್ಕ ನಿಲ್ಲುವ ಕೆಲಸಗಾರ. ಕೈತುಂಬ ಗುಳಿಬಿದ್ದ ಹುಣ್ಣು, ಮೂಗಿನಲ್ಲಿ ಆಗಾಗ ರಕ್ತ. ನಾನು ಪುಡಿ ಸುರಿಯುವುದನ್ನು ನೋಡುತ್ತ ಕೇಳಿದ: "ಇದು ಏನು ಮಾಡುತ್ತೆ?"

"ನೀರಿನ ವಿಷವನ್ನೆಲ್ಲ ತನ್ನ ಮೈಗೆ ಅಂಟಿಸಿಕೊಳ್ಳುತ್ತೆ."

"ಮೈತುಂಬ ಅಂಟಿದ ಮೇಲೆ?"

"ತೆಗೆದು ಬಿಸಾಕಿ ಹೊಸದು ಹಾಕ್ತೀವಿ."

"ಅಚ್ಛಾ," ಎಂದು ನಕ್ಕ. "ಅಂದರೆ ಪರ್ಮನೆಂಟ್ ಅಲ್ಲ. ನಮ್ಮ ಹಾಗೇ ಕಾಂಟ್ರಾಕ್ಟ್ ಮೇಲೆ ಬಂದಿದೆ."

ಮುಂದಿನ ಸಲ ಹೋದಾಗ ತೊಟ್ಟಿಯ ಪಕ್ಕ ಹೊಸಬ ನಿಂತಿದ್ದ.

ಗೊಬ್ಬರ

ವಿಷ ಹೀರಿದ ಪುಡಿಯನ್ನು ಎಲ್ಲೆಂದರಲ್ಲಿ ಎಸೆಯುವಂತಿಲ್ಲ. ಚೀಲದ ಮೇಲೆ ತಲೆಬುರುಡೆಯ ಚಿತ್ರ ಅಚ್ಚೊತ್ತಿ ಗುತ್ತಿಗೆದಾರನಿಗೆ ಒಪ್ಪಿಸುತ್ತೇವೆ. ಎಲ್ಲಿಗೆ ಒಯ್ಯುತ್ತೀಯೆಂದರೆ "ಬೇಫಿಕರ್ ಇರಿ, ಚಿಂತೆ ನನಗಿರಲಿ" ಎನ್ನುತ್ತಾನೆ.

ಒಂದು ಭಾನುವಾರ ಇಂದಿರಾಪುರಂನ ನಮ್ಮ ಫ್ಲ್ಯಾಟಿನಲ್ಲಿ ದೋಸೆ ತಿನ್ನುತ್ತಿದ್ದೆ. ಕೊತ್ತಂಬರಿ ಚಟ್ನಿ ಬಲು ಸೊಗಸಾಗಿತ್ತು. ಇನ್ನಷ್ಟು ಬಡಿಸಿಕೊಂಡೆ.

"ನಮ್ಮ ಬಾಲ್ಕನಿಯದೇ ಸೊಪ್ಪು," ಹೆಂಡತಿ ಹಿಗ್ಗಿನಿಂದ ಹೇಳಿದಳು. "ನರ್ಸರಿ ಭಯ್ಯಾ ಕಪ್ಪು ಗೊಬ್ಬರ ಕೊಟ್ಟ. ಎರಡು ತಿಂಗಳಿಂದ ಹೊರಗಿನ ಸೊಪ್ಪೇ ತಂದಿಲ್ಲ."

ಬಾಲ್ಕನಿಗೆ ಓಡಿದೆ. ಕುಂಡಗಳ ನಡುವೆ ಅರ್ಧ ಖಾಲಿಯಾದ ನಮ್ಮದೇ ಚೀಲ. ಎತ್ತಿ ತಂದು ಅವಳ ಮುಂದೆ ಹಿಡಿದೆ.

"ಇದರ ಮೇಲೆ ಇಷ್ಟು ದೊಡ್ಡ ತಲೆಬುರುಡೆ ಇದೆ, ನೋಡಲಿಲ್ವೇನೆ?"

"ನೋಡದೆ ಏನು? ಗಿಡಕ್ಕೆ ದೃಷ್ಟಿ ತಾಗದಿರಲಿ ಅಂತ ಹಾಕಿದ್ದಾರೆ ಅಂದ್ಕೊಂಡೆ."