ಮಾವನ ಬ್ಯಾಟರಿ ಕೋಣೆ

ನಮ್ಮ ಅತ್ತೆಗೆ ಇಪ್ಪತ್ತನಾಲ್ಕು ಜನ ಸವತಿಯರಿದ್ದರು! ಹೌಹಾರಬೇಡಿ. ನನ್ನ ಸೋದರಮಾವ ಸರಗೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದರು. ಕರೆಂಟು ಹೋದಾಗ ಊರಿನ ಫೋನುಗಳು ಸಾಯದಂತೆ ಕಾಯುತ್ತಿದ್ದದ್ದು ಅಲ್ಲಿನ ಇಪ್ಪತ್ತನಾಲ್ಕು ಬ್ಯಾಟರಿಗಳು. ಆ ಬ್ಯಾಟರಿಗಳನ್ನು ಕಾಯುತ್ತಿದ್ದವರು ಮಾವ.

ಅದೇನು ಸೇವೆ ಅಂತೀರಿ! ಬೆಳಗಾದರೆ ಒಂದೊಂದರ ಮುಚ್ಚಳ ತೆಗೆದು, ಮಗುವಿಗೆ ಹಾಲು ಕುಡಿಸುವಂತೆ ಡಿಸ್ಟಿಲ್ಡ್ ವಾಟರ್ ಹನಿಸುವರು. ಆಸಿಡ್ ಹಾರಿ ತೂತಾಗದ ಅಂಗಿ ಅವರ ಬಳಿ ಒಂದೂ ಇರಲಿಲ್ಲ. ಸರಗೂರಿನ ಛತ್ರದಲ್ಲೇ ನಡೆದ ನನ್ನ ಮದುವೆಗೂ ಅಂಥದ್ದರಲ್ಲೇ ಬಂದರು. ಧಾರೆಯ ಹೊತ್ತಿಗೆ ಕರೆಂಟು ಹೋಯಿತು ನೋಡಿ, ಮಾವ ಮಾಯ! ಅಕ್ಷತೆಯನ್ನು ಪಕ್ಕದವರ ಕೈಗೆ ಸುರಿದು ಎಕ್ಸ್‌ಚೇಂಜಿಗೆ ಓಡಿದ್ದರು.

"ನಾನು ಸತ್ರೂವೆ ಇವ್ರು ಬ್ಯಾಟ್ರಿ ನೋಡ್ಕಂಡೇ ಮಣ್ಣಿಗೆ ಬರೋದು ಕಣವ್ವ," ಎಂದರು ಅತ್ತೆ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಹಾಗೆ ನಕ್ಕದ್ದಕ್ಕೆ ಈಗ ನಾಚಿಕೆಯಾಗುತ್ತದೆ. ವರ್ಷ ತುಂಬುವುದರೊಳಗೆ ಅತ್ತೆಯ ಕಿಡ್ನಿ ಕೈಕೊಟ್ಟಿತು. ಮೈಸೂರಿನ ಆಸ್ಪತ್ರೆಯಲ್ಲಿ ಜೊತೆಗೆ ನಾನಿದ್ದೆ. ಮಾವ ರಜೆ ಬರೆದುಕೊಟ್ಟು ಬರಲೆಂದು ಸರಗೂರಿಗೆ ಹೋದರು. ಅವತ್ತೇ ಬಿರುಗಾಳಿ, ಮಳೆ. ದಾರಿಯುದ್ದಕ್ಕೂ ಮರಗಳು ಉರುಳಿ ಬಸ್ಸುಗಳು ನಿಂತವು. ಕರೆಂಟಿನ ಕಂಬಗಳೂ ಬಿದ್ದವು. ಮರುದಿನವಿಡೀ ಕಾದೆ, ಮಾವ ಬರಲಿಲ್ಲ. ಅದರ ಮರುದಿನ ಮಧ್ಯಾಹ್ನ, ಡಾಕ್ಟರು ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಹೇಳಿ ಹೋದ ಮೇಲೆ, ವಾರ್ಡಿನ ಫೋನಿನಲ್ಲಿ ಅವರ ದನಿ.

ನಾನು ಸಿಡಿದೆ. "ಇನ್ನೂ ಬ್ಯಾಟ್ರಿ ತಬ್ಕೊಂಡೇ ಕೂತಿದ್ದೀರಾ ಮಾವ?"

"ನೆನ್ನೆ ನಡ್ಕೊಂಡೇ ಹೊಂಟಿದ್ದೆ ಕಣವ್ವ. ಸೇತ್ವೆ ಮ್ಯಾಲೆ ನೀರು, ದಾಟಕಾಗ್ನಿಲ್ಲ. ವಾಪಸ್ ಬಂದ್ರೆ ಇಲ್ಲಿ ಡೀಸೆಲ್ ಮುಗ್ದು ಜನರೇಟ್ರೂ ನಿಂತಿತ್ತು, ಬ್ಯಾಟ್ರಿ ಇಳೀತಿದ್ವು. ಟ್ರಾಕ್ಟರ್‌ನೋರ ಕಾಲಿಡ್ದು ಡೀಸೆಲ್ ತಂದು ಓಡುಸ್ತಾ ಇವ್ನಿ. ನಾನು ಬರಕಾಗ್ದಿದ್ರೂ ಅವಳ ಮಾತಾದ್ರೂ ಸಿಗ್ಲಿ ಅಂತ."

ಫೋನಿನ ವೈರು ಎಳೆದರೆ ಅತ್ತೆಯ ಮಂಚ ಮುಟ್ಟುತ್ತಿತ್ತು. ರಿಸೀವರನ್ನು ಅವರ ಕಿವಿಗೆ ಹಿಡಿದೆ.

"ಉಂಡ್ರಾ?" ಎಂದರು ಅತ್ತೆ.

ಆಚೆಯಿಂದ ಮಾವ ಏನು ಸುಳ್ಳು ಹೇಳಿದರೋ, ಅತ್ತೆ ಸಣ್ಣಗೆ ನಕ್ಕರು. "ಒದ್ದೆ ಬಟ್ಟೇಲಿ ಇರ್ಬ್ಯಾಡಿ," ಎಂದು ಕಣ್ಣು ಮುಚ್ಚಿದರು.

ತುಸು ಹೊತ್ತು ಕಾದು ರಿಸೀವರ್ ತೆಗೆದುಕೊಂಡೆ. "ಅತ್ತೆ ನಿದ್ದೆ ಹೋದ್ರು ಮಾವ. ಇಟ್ಬುಡ್ಲಾ?"

"ಬ್ಯಾಡ ಕಣವ್ವ," ಎಂದರು ಮಾವ. "ಅವಳ ಬಾಯತ್ರ ಇಡ್ಕೊಂಡಿರು. ಉಸ್ರು ಕೇಳ್ತಾ ಅದೆ."