ಸಿದ್ದಾಚಾರಿ ಮಾಡಿಕೊಟ್ಟ ರೈಲು ಹಳಿ

ನಂಜನಗೂಡು ತಾಲ್ಲೂಕು ಕಚೇರಿಯ ಗುಮಾಸ್ತನಾದ ನನಗೆ ರೈಲ್ವೆ ಕೆಲಸವೂ ಬರುತ್ತದೆಂದು ಯಾರೂ ಹೇಳಿರಲಿಲ್ಲ. ನಾನೇ ಕಂಡುಕೊಂಡೆ!

ವರ್ಗವಾಗಿ ಹೊರಟಿದ್ದ ಇಂಜಿನಿಯರ್ ದೊರೆಯೊಬ್ಬರು ತಮ್ಮ ಮಗನ ಆಟದ ರೈಲನ್ನು ನನಗೆ ಕೊಟ್ಟು ಹೋದರು. ಕೀಲಿ ಕೊಟ್ಟರೆ ಓಡುವ ಇಂಜಿನ್ನು, ಜೊತೆಗೆ ತಗಡಿನ ಬಾಗು ಹಳಿಯ ಆರು ತುಂಡು. ಎಂಟಿದ್ದರೆ ಒಂದು ಸುತ್ತು ಪೂರ್ತಿ. ಉಳಿದೆರಡನ್ನು ಮಾಡಿಸಿದರಾಯಿತು, ಅದೇನು ಮಹಾ ಎಂದುಕೊಂಡೆ.

ಅವಸರಕ್ಕೆ ಕಾರಣವಿತ್ತು. ಹೆಂಡತಿ ತೀರಿಕೊಂಡ ಮೇಲೆ ನನ್ನ ಆರು ವರ್ಷದ ಮಗಳು ಗೌರಿ ನರಸೀಪುರದಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಳು. ತಿಂಗಳಿಗೊಂದು ಸೋಮವಾರ ನಮ್ಮತ್ತೆ ಅವಳನ್ನು ಕರೆದುಕೊಂಡು ದೇವರ ದರ್ಶನಕ್ಕೆ ಬರುತ್ತಿದ್ದರು. ಊಟ ಮುಗಿದದ್ದೇ ಗಾಡಿ ಹೂಡಿಸುತ್ತಿದ್ದರು. "ಎಂಟು ದಿನ ಇರಮ್ಮ" ಎಂದು ಹೋದ ಸಲ ಕೇಳಿದ್ದಕ್ಕೆ ಗೌರಿ, "ಇಲ್ಲಿ ಆಡಕ್ಕೆ ಏನೂ ಇಲ್ವಲ್ಲಪ್ಪ" ಎಂದಿದ್ದಳು. ನಿಜ. ಆ ಮನೆಯಲ್ಲಿ ಇದ್ದದ್ದು ನಾನೊಬ್ಬ, ನನ್ನ ಜೊತೆ ಇದ್ದು ನನಗೇ ಬೇಜಾರಾಗಿತ್ತು.

ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದರಲ್ಲಿ ಕಮ್ಮಾರ ಸಿದ್ದಾಚಾರಿ ಕವಲಂದೆಯವರೆಗೂ ಹೆಸರಾದವನು. ಅವನಿಗೆ ಮಾದರಿ ತುಂಡು ಕೊಟ್ಟೆ. ಎರಡು ಹಳಿ ಮಾಡಿಯೂ ಕೊಟ್ಟ. ಜೋಡಿಸಿ ನೋಡಿದರೆ ಒಂದು ಬೆರಳಗಲ ಸಂದು!

"ಏನಪ್ಪಾ ಆಚಾರಿ, ಗಿಡ್ಡ ಮಾಡಿದೀಯಲ್ಲ?"

"ಬೇಕಂತಲೇ ಮಾಡಿವ್ನಿ ಸಾ. ಚಕ್ರದ ಪಟ್ಟಿನೂ ಇಂಗೇಯ, ಒಂದು ಬೆರಳು ಕಮ್ಮಿ ಇರ್ಬೇಕು. ಕೆಂಡ್ದಲ್ಲಿ ಕಾಯ್ಸಿ ಕೂರ್ಸಿ, ಆಮ್ಯಾಕೆ ನೀರು ಉಯ್ರಿ. ಅಂಗೇ ಕಚ್ಕತದೆ!"

ಅನುಭವಸ್ಥನ ಮಾತು. ಪಟ್ಟಿ ಕಚ್ಚಿಕೊಳ್ಳಲು ಒಳಗೆ ಮರದ ಚಕ್ರವಿರುತ್ತದೆ, ನನ್ನ ಹಳಿಯೊಳಗೆ ಏನಿದೆ ಎಂದು ಕೇಳುವ ಬುದ್ಧಿ ನನಗಾದರೂ ಇರಬೇಕಿತ್ತು. ಇರಲಿಲ್ಲ.

ಅತ್ತೆ ಬರುವ ಸೋಮವಾರ ಕಚೇರಿಗೆ ರಜೆ ಹಾಕಿ, ಪಂಚೆ ಎತ್ತಿ ಕಟ್ಟಿ, ಸದರಿ ಹಳಿಗಳನ್ನು ಒಲೆಗೆ ಹಾಕಿದೆ. ಕೆಂಪಗಾದವು. ಇಕ್ಕಳದಲ್ಲಿ ಹಿಡಿದು ತಂದು ಉಳಿದ ಆರರ ನಡುವೆ ಒತ್ತಿ ಕೂರಿಸಿದೆ. ಕೂತವು! ಕೂತದ್ದು ಚಾಪೆಯ ಮೇಲೆ ಎಂಬುದು ಹೊಗೆ ಎದ್ದಾಗ ತಿಳಿಯಿತು.

ಒಂದು ಕೊಡ ನೀರು ಸುರಿದೆ. ಚಾಪೆ ಆರಿತು. ಹೊಸ ಹಳಿ ತಣ್ಣಗಾಗಿ ಮತ್ತೆ ಗಿಡ್ಡವಾಯಿತು. ಅದು ಆರುವ ಮೊದಲೇ ಅದರ ಬಿಸಿಗೆ ಪಕ್ಕದ ಎರಡು ಹಳೇ ತುಂಡುಗಳ ಬೆಸುಗೆ ಕರಗಿ ಅವೂ ಕಳಚಿಕೊಂಡಿದ್ದವು. ಆರಿದ್ದದ್ದು ನಾಲ್ಕಾಯಿತು. ಇಷ್ಟು ಬೇಗ ಇಷ್ಟು ಹಳಿ ಕಳೆದುಕೊಂಡ ರೈಲ್ವೆ ಇನ್ನೊಂದಿರಲಾರದು!

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ.

"ಏನ್ ಅಳಿಯಂದ್ರೇ, ಮನೆಗೇ ಬೆಂಕಿ ಆಕ್ಬುಟ್ರಾ?"

"ಇಲ್ಲ ಅತ್ತೆಮ್ಮ, ರೈಲು ಹಳಿ ಕಾಯಿಸ್ತಿದ್ದೆ."

"ಒಲೆ ಮ್ಯಾಲೆ ಎಸರು ಮಡಗೋದ್ ಬುಟ್ಟು ರೈಲು ಬೇಯಿಸ್ತಾವ್ರಲ್ಲ, ಶಿವನೇ!"

ಗೌರಿ ಆಗಲೇ ಇಂಜಿನ್ ಎತ್ತಿಕೊಂಡಿದ್ದಳು. ಉಳಿದ ನಾಲ್ಕು ತುಂಡು ಜೋಡಿಸಿ, ಕೀಲಿ ಕೊಟ್ಟು ಬಿಟ್ಟೆ. ಅದು ಅರ್ಧ ಸುತ್ತು ಗಂಭೀರವಾಗಿ ಹೋಗಿ ಒದ್ದೆ ಚಾಪೆಯ ಮೇಲೆ ಮುಗ್ಗರಿಸಿತು. ಅವಳು ಬಿದ್ದು ಬಿದ್ದು ನಕ್ಕಳು. ಎರಡು ವರ್ಷದಿಂದ ಆ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ಆಮೇಲೆ ಅವಳೇ ಇಂಜಿನ್ನನ್ನು ಬರಿ ನೆಲದ ಮೇಲಿಟ್ಟು ಕೀಲಿ ಕೊಟ್ಟಳು. ಸರ್ರನೆ ಗೋಡೆಯವರೆಗೂ ಓಡಿತು!

"ಅಪ್ಪಾ, ಇದಕ್ಕೆ ಅಳಿ ಯಾಕೆ?"

"ಬೇಡ ಬಿಡಮ್ಮ. ಎಂಟು ದಿನ ಇದ್ದು ನೆಲದ ಮೇಲೇ ಓಡಿಸ್ಕೊ."

"ಇಲ್ಲಿ ನೆಲ ಸಾಲಕಿಲ್ಲ ಕಣಪ್ಪ. ಅಜ್ಜಿ ಮನೆ ಜಗಲಿ ಎಷ್ಟುದ್ದ ಅದೆ ಗೊತ್ತಾ!"

ಊಟ ಮುಗಿಯಿತು. ಗಾಡಿ ಹೂಡಿದರು. ಇಂಜಿನ್ನನ್ನು ನಾನೇ ಅವಳ ಮಡಿಲಲ್ಲಿಟ್ಟೆ. ಗಾಡಿ ಕಣ್ಮರೆಯಾಗುವವರೆಗೂ ಬೀದಿಯಲ್ಲೇ ನಿಂತಿದ್ದೆ.

ತಮ್ಮೂರಿಗೆ ರೈಲೇ ಬಂದಿಲ್ಲವೆಂದು ನರಸೀಪುರದವರು ಕೊರಗುವುದುಂಟು. ತಪ್ಪು ತಿಳಿವಳಿಕೆ! ಖುದ್ದು ನಾನೇ ಒಂದನ್ನು ಎತ್ತಿನ ಗಾಡಿಯಲ್ಲಿ ಕಳಿಸಿಕೊಟ್ಟಿದ್ದೇನೆ. ಹಳಿಗಳೂ ಸ್ಟೇಷನ್ ಮಾಸ್ತರೂ ಮಾತ್ರ ನಂಜನಗೂಡಿನಲ್ಲೇ ಉಳಿದಿದ್ದಾರೆ. ಮುಂದಿನ ಗಾಡಿ ಇನ್ನೊಂದು ತಿಂಗಳಿಗೆ!